ಸ್ಟೀಲ್ ಹೆಣಿಗೆಯ ಬ್ರೇಕ್ ಹೋಸ್: ಆರಿಸುವಾಗ, ಹಾಕುವಾಗ, ಆಮೇಲೆ ಪರೀಕ್ಷಿಸುವಾಗ

ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್‌ಗೆ ಒತ್ತಡ ಕೊಡುವ ಮಾಸ್ಟರ್ ಸಿಲಿಂಡರ್‌ನಿಂದ ಹೊರಟ ಬ್ರೇಕ್ ಲೈನ್ ಬಹುತೇಕ ದಾರಿಯುದ್ದಕ್ಕೂ ಗಟ್ಟಿ ಲೋಹದ ಕೊಳವೆಯೇ. ಚಕ್ರದ ಹತ್ತಿರ ಮಾತ್ರ ಅದು ಬಾಗುವ ಹೋಸ್ ಆಗುತ್ತದೆ. ಅಲ್ಲಿಂದಾಚೆಗೆ ಎಲ್ಲವೂ ಅಲುಗಾಡುವಂಥದ್ದು: ಸಸ್ಪೆನ್ಶನ್ ಮೇಲೆ ಕೆಳಗೆ ಹೋಗುತ್ತದೆ, ಮುಂದಿನ ಚಕ್ರ ಎಡಕ್ಕೂ ಬಲಕ್ಕೂ ತಿರುಗುತ್ತದೆ. ಒಂದೂವರೆ ಎರಡು ಗೇಣುದ್ದದ ಈ ತುಂಡನ್ನು ರಬ್ಬರ್‌ನಿಂದ ಸ್ಟೀಲ್ ಹೆಣಿಗೆಗೆ ಬದಲಿಸುವವರು ಸಾಮಾನ್ಯವಾಗಿ ನೋಡುವುದು ಹೆಣಿಗೆಯ ಹೊಳಪನ್ನು. ಆದರೆ ಹೋಸ್ ನಡುಭಾಗದಲ್ಲಿ ತಾನಾಗಿ ಒಡೆಯುವುದು ಅಪರೂಪ. ಅದು ಕೈಕೊಡುವುದು ಎರಡೇ ಕಡೆ: ತುದಿಯ ಫಿಟಿಂಗ್ ಕೂಡುವಲ್ಲಿ, ಇಲ್ಲವೇ ದಾರಿಯಲ್ಲಿ ಏನಕ್ಕಾದರೂ ತಾಗಿ ಸವೆದಲ್ಲಿ. ಆದ್ದರಿಂದ ಆರಿಸುವಾಗ ತುದಿಗಳನ್ನು ನೋಡಿ, ಹಾಕುವಾಗ ದಾರಿಯನ್ನು ನೋಡಿ, ಪರೀಕ್ಷಿಸುವಾಗ ಈ ಎರಡನ್ನೂ ಕೈಯಿಂದ ಮುಟ್ಟಿ ನೋಡಿ.

ಒಳಗೆ ಏನಿದೆ, ಅದರಿಂದ ಏನು ಸಿಗುತ್ತದೆ

ಒಳ್ಳೆಯ ಹೋಸ್‌ನಲ್ಲಿ ಮೂರು ಪದರ. ಬ್ರೇಕ್ ಆಯಿಲ್ ಹರಿಯುವುದು ಪಿಟಿಎಫ್‌ಇ ಕೊಳವೆಯಲ್ಲಿ. ಟೆಫ್ಲಾನ್ ಎಂದರೆ ಎಲ್ಲರಿಗೂ ಗೊತ್ತಿರುವ ವಸ್ತು ಇದೇ. ಇದರ ಒಳವ್ಯಾಸ ಸಾಮಾನ್ಯವಾಗಿ 3.2 ಮಿ.ಮೀ., ಅಂದರೆ ಇಂಚಿನ ಎಂಟನೇ ಒಂದು ಭಾಗ. ಅದರ ಮೇಲೆ ಸ್ಟೇನ್‌ಲೆಸ್ ತಂತಿಯ ಬಿಗಿ ಹೆಣಿಗೆ. ಎಲ್ಲಕ್ಕಿಂತ ಹೊರಗೆ ಪಿವಿಸಿ ಅಥವಾ ಪಾಲಿಯುರಿಥೇನ್ ಹೊದಿಕೆ.

ಪಿಟಿಎಫ್‌ಇಗೆ ಬ್ರೇಕ್ ಆಯಿಲ್‌ನಿಂದ ಏನೂ ಆಗುವುದಿಲ್ಲ, 260 ಡಿಗ್ರಿ ಸೆಲ್ಸಿಯಸ್ ಬಿಸಿಯನ್ನೂ ತಡೆಯುತ್ತದೆ. ಅದರ ಕೊರತೆ ಬೇರೆ: ರಬ್ಬರ್‌ನಂತೆ ಅದು ಮಣಿಯುವುದಿಲ್ಲ. ಗಿಡ್ಡ ತಿರುವಿನಲ್ಲಿ ಬಲವಂತವಾಗಿ ಬಗ್ಗಿಸಿದರೆ ಮಡಚಿಕೊಳ್ಳುತ್ತದೆ, ಮಡಚಿದ ಗೆರೆ ಆಮೇಲೆ ನೆಟ್ಟಗಾಗುವುದಿಲ್ಲ. ಒತ್ತಡ ಬಂದಾಗ ಈ ಕೊಳವೆ ಉಬ್ಬದಂತೆ ಹಿಡಿಯುವುದು ಹೆಣಿಗೆಯ ಕೆಲಸ. ಹೊರಗಿನ ಹೊದಿಕೆ ಅಂದಕ್ಕಲ್ಲ. ಬರಿ ಹೆಣಿಗೆಯ ಸಂದುಗಳಲ್ಲಿ ಮರಳಿನ ಕಣ ಸೇರಿದರೆ ಹೋಸ್ ಅಲುಗಿದಾಗಲೆಲ್ಲ ಅದು ಒಳಗಿನ ಕೊಳವೆಯನ್ನು ಗೀರುತ್ತಾ ಹೋಗುತ್ತದೆ. ಜೊತೆಗೆ ಬರಿ ಹೆಣಿಗೆ ಅರದ ಹಾಗೆ: ಅಲ್ಯೂಮಿನಿಯಂ, ಪ್ಲಾಸ್ಟಿಕ್, ಎಬಿಎಸ್ ಸೆನ್ಸರ್‌ನ ವೈರು, ತಾಗಿದ್ದೆಲ್ಲವನ್ನೂ ತಿನ್ನುತ್ತದೆ. ರಸ್ತೆಯ ಕಾರಿಗೆ ಹೊದಿಕೆಯಿಲ್ಲದ ಹೋಸ್ ಬೇಡವೇ ಬೇಡ.

ಇನ್ನು ಲಾಭದ ಮಾತು. ಲೆಕ್ಕ ಹಾಕಿ ನೋಡಿದರೆ ಭ್ರಮೆಯೂ ಇರುವುದಿಲ್ಲ, ಅನುಮಾನವೂ ಇರುವುದಿಲ್ಲ. ಅಮೆರಿಕದ ಬ್ರೇಕ್ ಹೋಸ್ ಮಾನದಂಡ ಎಫ್‌ಎಂವಿಎಸ್‌ಎಸ್ 106ರ ಪ್ರಕಾರ ಈ ಅಳತೆಯ ಸಾಮಾನ್ಯ ಹೋಸ್ 1,000 ಪಿಎಸ್‌ಐ ಒತ್ತಡದಲ್ಲಿ, ಅಂದರೆ ಸುಮಾರು 69 ಬಾರ್‌ನಲ್ಲಿ, ಪ್ರತಿ ಅಡಿಗೆ 0.66 ಸಿಸಿಯವರೆಗೆ ಉಬ್ಬಬಹುದು. ಕಡಿಮೆ ಉಬ್ಬುವ ದರ್ಜೆಯದಕ್ಕೆ ಮಿತಿ 0.33 ಸಿಸಿ. ನಾಲ್ಕು ಚಕ್ರದ ಹೋಸ್‌ಗಳನ್ನು ಸೇರಿಸಿದರೆ ಒಟ್ಟು 1.3 ಮೀಟರ್ ಎಂದುಕೊಳ್ಳಿ, ಅಂದರೆ ಸುಮಾರು 4.3 ಅಡಿ. ಮೊದಲನೆಯದರಲ್ಲಿ ಗರಿಷ್ಠ 2.8 ಸಿಸಿ, ಎರಡನೆಯದರಲ್ಲಿ 1.4 ಸಿಸಿ. ಮಾಸ್ಟರ್ ಸಿಲಿಂಡರ್‌ನ ವ್ಯಾಸ 22.2 ಮಿ.ಮೀ. ಇದ್ದರೆ 1.4 ಸಿಸಿ ವ್ಯತ್ಯಾಸವೆಂದರೆ ಪಿಸ್ಟನ್‌ನ 3.6 ಮಿ.ಮೀ. ಓಟ, ಪೆಡಲ್‌ನ ಅನುಪಾತ ನಾಲ್ಕು ಇದ್ದರೆ ಕಾಲಿನಡಿ ಸುಮಾರು 14 ಮಿ.ಮೀ. ಇದು ಮಾನದಂಡದ ಎರಡು ಮಿತಿಗಳ ನಡುವಿನ ಅಂತರ. ಸುಸ್ಥಿತಿಯಲ್ಲಿರುವ ಇಂದಿನ ರಬ್ಬರ್ ಹೋಸ್ ಅಷ್ಟೇನೂ ಉಬ್ಬುವುದಿಲ್ಲ, ಹಾಗಾಗಿ ನಿಜವಾಗಿ ಅನುಭವಕ್ಕೆ ಬರುವುದು ಇದಕ್ಕಿಂತ ಕಡಿಮೆ. ಹಳೆಯ, ಮೆತ್ತಗಾದ ರಬ್ಬರ್ ಇದ್ದ ಕಾರಿನಲ್ಲಿ ಪೆಡಲ್ ಎದ್ದು ಕಾಣುವಷ್ಟು ಗಟ್ಟಿಯಾಗುತ್ತದೆ.

ಗಟ್ಟಿ ಪೆಡಲ್ ಅಂದರೆ ಬ್ರೇಕನ್ನು ಹದವಾಗಿ ಒತ್ತಲು ಸುಲಭ. ಕಾರು ನಿಲ್ಲುವ ದೂರವನ್ನು ತೀರ್ಮಾನಿಸುವುದು ಮಾತ್ರ ಟೈರಿನ ಹಿಡಿತ. ಇಳಿಜಾರಿನಲ್ಲಿ ಪೆಡಲ್ ಮೆತ್ತಗಾಗುವ ತೊಂದರೆಯೂ ಹೋಸ್‌ನಿಂದ ಹೋಗುವುದಿಲ್ಲ. ಅದಕ್ಕೆ ಕಾರಣ ನೀರು ಹೀರಿಕೊಂಡ ಬ್ರೇಕ್ ಆಯಿಲ್ ಕುದಿಯುವುದು. ಡಾಟ್ 4 ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ನಿಯಮ. ನೀರು ಸೇರಿದ ಸ್ಥಿತಿಗೆ ಅದೇ ನಿಯಮ ಇಟ್ಟಿರುವ ಮಿತಿ 155 ಡಿಗ್ರಿ ಅಷ್ಟೆ. ಇಂಥ ತೊಂದರೆಯಿದ್ದರೆ ಮೊದಲು ಆಯಿಲ್ ಬದಲಿಸಿ.

ಗುರುತು ಓದುವುದು

ಹೋಸ್ ಮೈಮೇಲೋ ತುದಿಯ ಪಟ್ಟಿಯ ಮೇಲೋ ಅಚ್ಚಾಗಿರುವುದನ್ನು ಓದಿ. ಅಮೆರಿಕದ ನಿಯಮಕ್ಕೆ ಹೊಂದುವ ಹೋಸ್ ಮೇಲೆ ಡಾಟ್ (ಅಲ್ಲಿನ ಸಾರಿಗೆ ಇಲಾಖೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು) ಎಂಬ ಅಕ್ಷರ, ತಯಾರಕರ ಗುರುತು, ತಯಾರಾದ ತಿಂಗಳು ಮತ್ತು ವರ್ಷ, ಒಳವ್ಯಾಸ, ಉಬ್ಬುವಿಕೆಯ ದರ್ಜೆ ಇರುತ್ತವೆ. ಎಚ್‌ಆರ್ ಅಂದರೆ ಸಾಮಾನ್ಯ, ಎಚ್‌ಎಲ್ ಅಂದರೆ ಕಡಿಮೆ ಉಬ್ಬುವಂಥದ್ದು. ಸ್ಟೀಲ್ ಹೆಣಿಗೆಗೆ ದುಡ್ಡು ಕೊಡುವವರು ಎಚ್‌ಎಲ್ ಇದೆಯೇ ಎಂದು ನೋಡಲೇಬೇಕು.

‘ಡಾಟ್ ಅನುಮೋದಿತ’ ಎಂಬ ಮಾತನ್ನು ಹಾಗೇ ನಂಬಬೇಡಿ. ಅಲ್ಲಿನ ಸರ್ಕಾರ ಯಾವ ಹೋಸನ್ನೂ ಪರೀಕ್ಷಿಸಿ ಒಪ್ಪಿಗೆ ಕೊಡುವುದಿಲ್ಲ. ತಯಾರಕರೇ ತಮ್ಮ ಮಾಲು ನಿಯಮಕ್ಕೆ ಹೊಂದುತ್ತದೆ ಎಂದು ಘೋಷಿಸಿ ಹೊಣೆ ಹೊರುತ್ತಾರೆ. ಹಾಗಾದರೆ ಆ ಅಕ್ಷರಕ್ಕೆ ಬೆಲೆ ಇಲ್ಲವೇ? ಇದೆ, ಹಿಂದೆ ಹೆಸರು ಹೇಳಿಕೊಳ್ಳುವ ತಯಾರಕರಿದ್ದರೆ. ಆ ನಿಯಮ ಕೇಳುವ ಪರೀಕ್ಷೆಗಳು ಕಠಿಣವೇ. 4,000 ಪಿಎಸ್‌ಐ ಒತ್ತಡದಲ್ಲಿ ಎರಡು ನಿಮಿಷ ತಡೆದು, ಆಮೇಲೆ 7,000 ಪಿಎಸ್‌ಐ ಮುಟ್ಟುವ ಮೊದಲು ಈ ಅಳತೆಯ ಹೋಸ್ ಒಡೆಯಬಾರದು. ನಿಧಾನವಾಗಿ ಎಳೆದಾಗ 325 ಪೌಂಡ್, ಅಂದರೆ ಸುಮಾರು 147 ಕಿಲೋ ಭಾರದವರೆಗೆ ಫಿಟಿಂಗ್ ಕಳಚಬಾರದು. ಒಳಗೆ ಒತ್ತಡ ತುಂಬಿ, ಒಂದು ತುದಿಯನ್ನು ನಿಮಿಷಕ್ಕೆ 800 ಸುತ್ತಿನಂತೆ 35 ಗಂಟೆ ಗಿರಕಿ ಹೊಡೆಸುವ ಪರೀಕ್ಷೆಯೂ ಇದೆ.

ಹೆಣಿಗೆಯ ಹೋಸ್‌ಗಳಿಗೆ ಕಷ್ಟವಾಗುವುದು ಈ ಕೊನೆಯ ಪರೀಕ್ಷೆಯೇ. ಗಟ್ಟಿ ಫಿಟಿಂಗ್ ಮುಗಿದು ಬಾಗುವ ಹೋಸ್ ಶುರುವಾಗುವ ಗೆರೆಯಲ್ಲಿ ಬಾಗುವಿಕೆಯೆಲ್ಲ ಒಂದೇ ಕಡೆ ಒಟ್ಟಾಗುತ್ತದೆ, ತಂತಿ ದಣಿದು ತುಂಡಾಗುತ್ತದೆ. ಅದಕ್ಕೇ ಒಳ್ಳೆಯ ತಯಾರಕರು ಕಾಲರ್ (ಹೋಸನ್ನು ಫಿಟಿಂಗ್‌ಗೆ ಹಿಡಿಸುವ ಲೋಹದ ಬಳೆ) ಬಳಿ ಚಿಕ್ಕ ಆಧಾರ ತೋಳೊಂದನ್ನು ಕೂರಿಸುತ್ತಾರೆ. ಎರಡು ಸೆಟ್‌ಗಳ ನಡುವೆ ಆಯ್ಕೆ ಮಾಡಬೇಕಾದರೆ ಈ ತೋಳಿರುವುದನ್ನೇ ತೆಗೆದುಕೊಳ್ಳಿ.

ಬ್ರೇಕ್ ಹೋಸ್‌ಗೆ ಎಸ್‌ಎಇ ಜೆ1401 ಎಂಬ ಮಾನದಂಡವೂ ಇದೆ. ಜರ್ಮನಿಯಲ್ಲಿ ಬಳಕೆಗೆ ಒಪ್ಪಿಗೆ ಪಡೆದ ಸೆಟ್‌ಗಳ ಜೊತೆ ಎಬಿಇ ಪತ್ರ ಬರುತ್ತದೆ, ಯಾವ ಮಾಡೆಲ್‌ಗೆ ಎಂದು ಅದರಲ್ಲೇ ಬರೆದಿರುತ್ತದೆ. ಏನೂ ಅಚ್ಚಿಲ್ಲದ, ತಾರೀಖಿಲ್ಲದ ಹೋಸ್ ಎಷ್ಟೇ ಫಳಫಳಿಸಿದರೂ ವಾಪಸ್ ಇಡಿ. ಪೆಟ್ರೋಲ್‌ಗೆ, ಇಂಜಿನ್ ಆಯಿಲ್‌ಗೆ ಅಂತ ಮಾಡಿದ ಹೆಣಿಗೆಯ ಹೋಸ್‌ಗಳೂ ನೋಡಲು ಹೀಗೇ ಇರುತ್ತವೆ. ಅವುಗಳಲ್ಲಿ ಹಲವದರ ಒಳಗೆ ಇರುವುದು ಬ್ರೇಕ್ ಆಯಿಲ್‌ಗೂ ಈ ಒತ್ತಡಕ್ಕೂ ಆಗದ ರಬ್ಬರ್.

ತುದಿಗಳು: ಇಲ್ಲೇ ಹೆಚ್ಚು ಹೊತ್ತು ನಿಲ್ಲಿ

ಫಿಟಿಂಗ್ ಕೂರಿಸುವ ವಿಧಾನ ಎರಡು. ಒಂದರಲ್ಲಿ ಕಾಲರನ್ನು ಯಂತ್ರದಿಂದ ಸುತ್ತಲೂ ಅದುಮಿ ಕಾಯಂ ಮಾಡುತ್ತಾರೆ. ಇನ್ನೊಂದರಲ್ಲಿ ಒಳಕೊಳವೆಯ ಮೇಲೆ ಪುಟ್ಟ ಉಂಗುರ ಕೂರಿಸಿ, ಮೇಲಿನಿಂದ ನಟ್ ಬಿಗಿದು, ಬೇಕಾದಾಗ ಬಿಚ್ಚುವ ಹಾಗೆ ಮಾಡುತ್ತಾರೆ. ಎರಡನೆಯದು ರೇಸ್ ತಂಡಗಳಿಗೆ ಸರಿ, ಅವರು ಪ್ರತಿ ಓಟಕ್ಕೂ ಮೊದಲು ಪ್ರತಿ ಕೀಲನ್ನೂ ನೋಡುತ್ತಾರೆ. ದಿನಬಳಕೆಯ ಕಾರಿಗೆ ಕಾರ್ಖಾನೆಯಲ್ಲೇ ಅದುಮಿ, ಒಂದೊಂದನ್ನೂ ಒತ್ತಡ ಕೊಟ್ಟು ಪರೀಕ್ಷಿಸಿದ ಹೋಸ್ ಆಗಬೇಕು. ಕ್ಲಾಂಪ್ ಹಾಕಿ ಬಿಗಿದ ತುದಿ ಬ್ರೇಕ್‌ನಲ್ಲಿ ಎಲ್ಲೂ ಇರಕೂಡದು.

ಫಿಟಿಂಗ್‌ನ ಲೋಹ ಸ್ಟೇನ್‌ಲೆಸ್ ಆಗಿದ್ದರೆ ಒಳ್ಳೆಯದು, ಸತುವಿನ ಲೇಪನದ ಸ್ಟೀಲ್ ಆಗಿದ್ದರೂ ನಡೆಯುತ್ತದೆ. ಆದರೆ ಲೇಪನ ಸವೆದ ಮೇಲೆ ಅದು ತುಕ್ಕು ಹಿಡಿಯುತ್ತದೆ, ಮೊದಲು ಹಿಡಿಯುವುದು ಅದುಮಿದ ಅಂಚಿನಲ್ಲೇ. ಬಣ್ಣ ಬಣ್ಣದ ಅಲ್ಯೂಮಿನಿಯಂ ಫಿಟಿಂಗ್ ರಸ್ತೆಯ ಕಾರಿಗೆ ಬೇಡ. ಅದರ ಥ್ರೆಡ್ ಬೇಗ ಕಿತ್ತುಹೋಗುತ್ತದೆ, ಕಲ್ಲು ಬಡಿದರೆ ಬಿರುಕು ಬಿಡುತ್ತದೆ.

ಥ್ರೆಡ್ ವಿಚಾರದಲ್ಲಿ ಕಣ್ಣಳತೆ ಸಾಲದು. ಯುರೋಪ್, ಜಪಾನ್ ಕಾರುಗಳಲ್ಲಿ ಎಂ10 ಅಳತೆಗೆ, ಅಂದರೆ 10 ಮಿ.ಮೀ. ವ್ಯಾಸಕ್ಕೆ, 1.0 ಪಿಚ್ (ಎರಡು ಥ್ರೆಡ್‌ಗಳ ನಡುವಿನ ಅಂತರ, ಮಿ.ಮೀ.ಗಳಲ್ಲಿ) ಸಾಮಾನ್ಯ, 1.25 ಪಿಚ್ ಕೂಡ ಸಿಗುತ್ತದೆ. ಹಳೆಯ ಬ್ರಿಟಿಷ್, ಅಮೆರಿಕನ್ ಕಾರುಗಳಲ್ಲಿ ಇಂಚಿನ ಎಂಟರಲ್ಲಿ ಮೂರು ಭಾಗದ ವ್ಯಾಸ, ಇಂಚಿಗೆ 24 ಥ್ರೆಡ್. ಈ ಕೊನೆಯದು ತುಂಬಾ ಅಪಾಯದ್ದು: ವ್ಯಾಸ 9.53 ಮಿ.ಮೀ., ಪಿಚ್ ಸುಮಾರು 1.06 ಮಿ.ಮೀ. ಇರುವುದರಿಂದ ಅದು ಎಂ10ರ 1.0 ಪಿಚ್ ತೂತಿಗೆ ಸಲೀಸಾಗಿ ನಾಲ್ಕಾರು ಸುತ್ತು ಹೋಗುತ್ತದೆ. ಬಿಗಿಯಾದಂತೆಯೂ ಅನ್ನಿಸುತ್ತದೆ. ಜೋರಾಗಿ ಬ್ರೇಕ್ ಒತ್ತಿದ ದಿನ ಥ್ರೆಡ್ ಕಿತ್ತು ಬರುತ್ತದೆ. ಪಿಚ್ ಗೇಜ್ ಇಟ್ಟು ನೋಡಿ. ಸರಿಯಾದ ಜೋಡಿ ಬೆರಳಲ್ಲೇ ಕೊನೆಯವರೆಗೂ ತಿರುಗಬೇಕು, ಹಾಗಂತ ಗಡಗಡ ಅಲ್ಲಾಡಬಾರದು.

ಥ್ರೆಡ್ ಹೊಂದಿದರೂ ಸಾಲದು, ಕೂರುವ ಮುಖವೂ ಹೊಂದಬೇಕು. ಗಟ್ಟಿ ಕೊಳವೆಯ ತುದಿಯನ್ನು ಅಗಲ ಮಾಡಿರುವ ರೀತಿ ಕಾರಿನಿಂದ ಕಾರಿಗೆ ಬೇರೆ. ಎರಡು ಪದರವಾಗಿ ಒಳಗೆ ಮಡಚಿದ 45 ಡಿಗ್ರಿಯದು ಒಂದು, ಗುಂಡಿಯ ಹಾಗೆ ದುಂಡಗೆ ಉಬ್ಬಿದ್ದು ಇನ್ನೊಂದು. ರೇಸ್ ಪೈಪುಗಳ ಎಎನ್ ಫಿಟಿಂಗ್‌ಗೆ 37 ಡಿಗ್ರಿ. ಒಂದನ್ನು ಇನ್ನೊಂದರ ಮೇಲೆ ಕೂರಿಸಿ ಬಿಗಿದರೆ ಗೆರೆಯಷ್ಟು ಜಾಗದಲ್ಲಿ ಮಾತ್ರ ತಾಗುತ್ತವೆ. ಆರಂಭದಲ್ಲಿ ಸೋರದೆ ಇದ್ದು ಬಿಸಿ ತಣ್ಣಗಾಗುತ್ತಾ ಒಸರಲು ಶುರುವಾಗುತ್ತದೆ. ಒಸರುತ್ತಿದೆ ಎಂದು ಇನ್ನಷ್ಟು ಬಿಗಿದರೆ ತುದಿ ಸೀಳುತ್ತದೆ. ಥ್ರೆಡ್ ಟೇಪ್ ಸುತ್ತಿ ನಿಲ್ಲಿಸುವ ಯೋಚನೆಯಂತೂ ಬೇಡ. ಈ ಕೀಲುಗಳಲ್ಲಿ ಆಯಿಲನ್ನು ತಡೆಯುವುದು ಥ್ರೆಡ್ ಅಲ್ಲ, ಲೋಹದ ಮುಖಗಳು. ಹರಿದ ಟೇಪಿನ ಚೂರು ಹೋಗಿ ಎಬಿಎಸ್ ಘಟಕದ ಸಣ್ಣ ವಾಲ್ವ್‌ನಲ್ಲಿ ಸಿಕ್ಕಿಕೊಳ್ಳುತ್ತದೆ.

ಎಷ್ಟು, ಎಷ್ಟುದ್ದ

ಆರ್ಡರ್ ಮಾಡುವ ಮೊದಲು ಕಾರಿನಡಿ ಹೋಗಿ ಹೋಸ್‌ಗಳನ್ನು ಎಣಿಸಿ. ಹಿಂದೆ ಸ್ವತಂತ್ರ ಸಸ್ಪೆನ್ಶನ್ ಇರುವ ಕೆಲವು ಕಾರುಗಳಲ್ಲಿ ಒಂದೊಂದು ಚಕ್ರಕ್ಕೂ ಎರಡು ತುಂಡು: ಬಾಡಿಯಿಂದ ಸಸ್ಪೆನ್ಶನ್ ತೋಳಿಗೆ ಒಂದು, ಆ ತೋಳಿನಿಂದ ಕ್ಯಾಲಿಪರ್‌ಗೆ (ಡಿಸ್ಕನ್ನು ಅದುಮಿ ಹಿಡಿಯುವ ಭಾಗ) ಒಂದು. ಗಟ್ಟಿ ಆಕ್ಸಲ್ ಇದ್ದರೆ ನಡುವೆ ಒಂದೇ ಹೋಸ್ ಬಂದು ಅಲ್ಲಿಂದ ಕವಲೊಡೆಯಬಹುದು. ‘ನಾಲ್ಕರ ಸೆಟ್’ ತರಿಸಿ ಎರಡು ಹಳೆಯ ರಬ್ಬರ್ ಹಾಗೇ ಉಳಿದರೆ ಪೆಡಲ್‌ನ ಮೆತ್ತನೆ ಪೂರ್ತಿ ಹೋಗುವುದಿಲ್ಲ. ಹಿಂದೆ ಡಿಸ್ಕೋ ಡ್ರಮ್ಮೋ, ಎಬಿಎಸ್ ಇದೆಯೋ ಇಲ್ಲವೋ, ಯಾವ ವರ್ಷದ ಕಾರು, ಮುಂದಿನ ಕ್ಯಾಲಿಪರ್ ಯಾವುದು ಎಂಬ ವಿವರಗಳೆಲ್ಲ ಬೇಕು. ಒಂದೇ ಹೆಸರಿನ ಮಾಡೆಲ್‌ನಲ್ಲೂ ಇವು ಬದಲಾಗುತ್ತವೆ.

ಉದ್ದ ಮೂಲ ಹೋಸ್‌ನಷ್ಟೇ ಇರಲಿ. ಸಸ್ಪೆನ್ಶನ್ ಎತ್ತರಿಸಿದ್ದರೆ ಮಾತ್ರ ಹೆಚ್ಚು ಉದ್ದದ್ದು ಬೇಕು. ಅದನ್ನೂ ಚಕ್ರ ಪೂರ್ತಿ ಜೋತುಬಿದ್ದಾಗ ಅಳೆದು ತೀರ್ಮಾನಿಸಿ, ನೆಲದ ಮೇಲೆ ನಿಂತಾಗ ಅಲ್ಲ. ‘ಇರಲಿ’ ಎಂದು ಉದ್ದ ತೆಗೆದುಕೊಂಡರೆ ಆ ಹೆಚ್ಚುವರಿ ಸುರುಳಿ ಹೋಗಿ ಟೈರಿಗೆ ತಾಗುತ್ತದೆ. ಗಿಡ್ಡವಾದರೆ ಗುಂಡಿಯಲ್ಲಿ ಚಕ್ರ ಇಳಿದಾಗ ಭಾರವೆಲ್ಲ ಫಿಟಿಂಗ್ ಮೇಲೆ. ಮೂಲ ಹೋಸ್‌ನ ನಡುವೆ ಸ್ಟ್ರಟ್‌ಗೆ ಹಿಡಿಸುವ ಬ್ರಾಕೆಟ್ ಇದ್ದರೆ ಹೊಸದರಲ್ಲೂ ಅದೇ ಜಾಗದಲ್ಲಿ ಇರಬೇಕು. ಪ್ಲಾಸ್ಟಿಕ್ ಟೈ ಹಾಕಿ ಕಟ್ಟಿಕೊಳ್ಳಿ ಎನ್ನುವ ಸೆಟ್ ಬೇಡ.

ಹೊದಿಕೆಯ ಬಣ್ಣದಲ್ಲೂ ಒಂದು ಮಾತಿದೆ. ಪಾರದರ್ಶಕ ಹೊದಿಕೆಯೇ ಮೇಲು, ಒಳಗೆ ಆಯಿಲ್ ಬಂದರೂ ತುಕ್ಕು ಬಂದರೂ ಕಾಣುತ್ತದೆ. ಕಪ್ಪು ಹೊದಿಕೆ ಅಂದವಾಗಿ ಕಂಡರೂ ಎಲ್ಲವನ್ನೂ ಮುಚ್ಚಿಡುತ್ತದೆ.

ಡಬ್ಬಿ ತೆರೆದ ಮೇಲೆ, ಕಾರಿಗೆ ಹಾಕುವ ಮೊದಲು

ಹಳೆಯ ಹೋಸ್ ಪಕ್ಕದಲ್ಲಿ ಹೊಸದನ್ನಿಟ್ಟು ಉದ್ದ, ಬ್ಯಾಂಜೋದ (ನಡುವೆ ಬೋಲ್ಟ್ ತೂರುವ ಉಂಗುರದಂಥ ತುದಿ) ಕೋನ, ಬ್ರಾಕೆಟ್‌ನ ಜಾಗ ಹೋಲಿಸಿ. ಕಾಲರನ್ನು ಬೆಳಕಿಗೆ ಹಿಡಿದು ತಿರುಗಿಸಿ: ಅದುಮಿದ ಪಟ್ಟೆಗಳು ಸುತ್ತಲೂ ಒಂದೇ ಆಳದಲ್ಲಿ, ಒಂದೇ ಅಗಲದಲ್ಲಿ ಇರಬೇಕು. ಒಂದು ಕಡೆ ಆಳ ಒಂದು ಕಡೆ ಮೇಲ್ಮೇಲೆ ಇದ್ದರೆ ಹೋಸ್ ಓರೆಯಾಗಿ ಕೂತಿದೆ ಎಂದರ್ಥ. ಕಾಲರ್ ಅಂಚಿನಿಂದ ತಂತಿಯ ಎಳೆ ಹೊರಗೆ ಇಣುಕಬಾರದು. ಎರಡೂ ಕೈಯಲ್ಲಿ ಹಿಡಿದು ಫಿಟಿಂಗನ್ನು ತಿರುಚಿ ನೋಡಿ, ಹೋಸ್ ಕಾಲರ್ ಒಳಗೆ ಜಾರಬಾರದು.

ಬ್ಯಾಂಜೋದ ಎರಡೂ ಮುಖಗಳ ಮೇಲೆ ಉಗುರು ಎಳೆಯಿರಿ. ಉಗುರಿಗೆ ತಡೆಯುವ ಗೀರು ಇದ್ದರೆ ಕಾಪರ್ ವಾಷರ್ ಅಲ್ಲಿ ಸೋರುತ್ತದೆ. ಫಿಟಿಂಗ್ ಒಳಗೆ ಕೊರೆದ ಲೋಹದ ಪುಡಿ ಉಳಿದಿರುವುದುಂಟು. ಒಂದಿಷ್ಟು ಹೊಸ ಬ್ರೇಕ್ ಆಯಿಲ್ ಹರಿಸಿ, ಒಣ ಗಾಳಿ ಊದಿ ಹೊರಗೆ ತೆಗೆಯಿರಿ. ಪೆಟ್ರೋಲ್, ಡೀಸೆಲ್, ಇಂಜಿನ್ ಆಯಿಲ್ ಇದಕ್ಕೆ ಬೇಡ. ಅದರ ಲವಲೇಶ ಒಳಗೆ ಉಳಿದರೂ ಕ್ಯಾಲಿಪರ್‌ನ ರಬ್ಬರ್ ಸೀಲ್ ಊದಿಕೊಳ್ಳುತ್ತದೆ.

ಕೊನೆಗೆ ಪ್ರತಿ ಕಾಲರ್ ಅಂಚಿಗೆ ಸರಿಯಾಗಿ, ಹೋಸ್‌ನ ಹೊದಿಕೆಯ ಮೇಲೆ ಬಿಳಿ ಪೇಂಟ್ ಪೆನ್ನಿನಿಂದ ಒಂದು ಸಣ್ಣ ಗೆರೆ ಎಳೆಯಿರಿ. ಮುಂದೆ ಯಾವಾಗ ನೋಡಿದರೂ ಗೆರೆ ಅಂಚಿಗೇ ಅಂಟಿಕೊಂಡಿರಬೇಕು. ಗೆರೆ ಕಾಲರ್‌ನಿಂದ ಒಂದು ಮಿ.ಮೀ. ದೂರ ಸರಿದಿದ್ದರೂ ಹೋಸ್ ಜಾರುತ್ತಿದೆ. ಸೋರಿಕೆ ಶುರುವಾಗುವ ಮೊದಲೇ ಇದು ಗೊತ್ತಾಗುತ್ತದೆ.

ಹಾಕುವಾಗ ತಪ್ಪುವ ಜಾಗಗಳು

ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಒಂದು ಸಲಕ್ಕೆ ಒಂದೇ ಚಕ್ರದ ಕೆಲಸ ಮಾಡಿ. ಗಟ್ಟಿ ಕೊಳವೆಯ ನಟ್ಟಿಗೆ ಹಿಂದಿನ ದಿನವೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಬಿಚ್ಚಲು ಸಾಮಾನ್ಯ ಸ್ಪ್ಯಾನರ್ ಬೇಡ, ನಟ್ಟಿನ ಮೂಲೆ ಉರುಟಾಗುತ್ತದೆ. ಪೈಪಿನ ಮೇಲೆ ತೂರಿಸಿ ನಟ್ಟನ್ನು ಸುತ್ತಲೂ ಹಿಡಿಯುವ ಫ್ಲೇರ್ ನಟ್ ಸ್ಪ್ಯಾನರ್ ಬೇಕು. ನಟ್ಟಿನ ಜೊತೆ ಕೊಳವೆಯೂ ತಿರುಚಿಕೊಳ್ಳುತ್ತಿದ್ದರೆ ಅಲ್ಲೇ ನಿಲ್ಲಿಸಿ. ಇನ್ನೊಂದು ಸುತ್ತಿಗೆ ಅದು ಮುರಿಯುತ್ತದೆ, ಆಮೇಲೆ ಗಟ್ಟಿ ಲೈನನ್ನೇ ಹೊಸದಾಗಿ ಮಾಡಿಸಬೇಕು.

ಬಿಚ್ಚಿದ ತುದಿಗೆ ತಕ್ಷಣ ರಬ್ಬರ್ ಮುಚ್ಚಳ ಹಾಕಿ, ಮೇಲೆ ಡಬ್ಬಿಯಲ್ಲಿ ಆಯಿಲ್ ತಳ ಕಾಣದಂತೆ ನೋಡಿಕೊಳ್ಳಿ. ಡಬ್ಬಿ ಬರಿದಾಗಿ ಎಬಿಎಸ್ ಘಟಕಕ್ಕೆ ಗಾಳಿ ಹೊಕ್ಕರೆ ಕೆಲವು ಕಾರುಗಳಲ್ಲಿ ಸ್ಕ್ಯಾನರ್ ಜೋಡಿಸಿ ಪಂಪ್ ಓಡಿಸದೆ ಅದು ಹೊರಗೆ ಬರುವುದಿಲ್ಲ. ಕ್ಯಾಲಿಪರನ್ನು ಹೋಸ್‌ನಿಂದ ಜೋತಾಡಿಸಬೇಡಿ, ತಂತಿಯಲ್ಲಿ ಸ್ಪ್ರಿಂಗ್‌ಗೆ ಕಟ್ಟಿ.

ಹೋಸ್ ಜೋಡಿಸುವಾಗ ಒಂದೇ ಒಂದು ಸೂತ್ರ ನೆನಪಿಡಿ: ಯಾವ ತುದಿ ಬಿಗಿಯುವಾಗ ಹೋಸನ್ನೂ ಜೊತೆಗೆ ತಿರುಗಿಸುತ್ತದೋ ಅದನ್ನು ಮೊದಲು ಬಿಗಿಯಿರಿ. ತಾನೊಂದೇ ತಿರುಗುವ ನಟ್, ಬ್ಯಾಂಜೋ ಬೋಲ್ಟ್, ಇವೆಲ್ಲ ಆಮೇಲೆ. ಬಿಗಿದ ಮೇಲೆ ಹೋಸ್ ಮೈಮೇಲಿನ ಅಚ್ಚಿನ ಸಾಲು ನೇರವಾಗಿದೆಯೇ ನೋಡಿ. ಅಕ್ಷರಗಳು ಬಳ್ಳಿಯಂತೆ ಸುತ್ತಿಕೊಂಡಿದ್ದರೆ ಹೋಸ್ ತಿರುಚಿದೆ. ಬಿಚ್ಚಿ ಮತ್ತೆ ಕೂರಿಸಿ. ಬಾಡಿಯ ಬ್ರಾಕೆಟ್‌ನಲ್ಲಿ ಫಿಟಿಂಗನ್ನು ಇನ್ನೊಂದು ಸ್ಪ್ಯಾನರ್‌ನಿಂದ ಹಿಡಿದುಕೊಂಡೇ ಗಟ್ಟಿ ಕೊಳವೆಯ ನಟ್ ಬಿಗಿಯಬೇಕು, ಆಮೇಲೆ ಯು ಆಕಾರದ ಕ್ಲಿಪ್ ಪೂರ್ತಿ ಒಳಗೆ ಹೋಗಬೇಕು. ಈ ಕ್ಲಿಪ್ ಮರೆತ ಕಾರಿನಲ್ಲಿ ಚಕ್ರದ ಪ್ರತಿ ಕುಲುಕಾಟವೂ ಗಟ್ಟಿ ಕೊಳವೆಯನ್ನು ಬಗ್ಗಿಸುತ್ತದೆ, ಕೊನೆಗೆ ಅದು ನಟ್ಟಿನ ಬುಡದಲ್ಲಿ ಬಿರುಕು ಬಿಡುತ್ತದೆ.

ಬ್ಯಾಂಜೋಗೆ ಎರಡು ಕಾಪರ್ ವಾಷರ್, ಆಚೆ ಒಂದು ಈಚೆ ಒಂದು. ಎರಡೂ ಹೊಸವೇ ಆಗಿರಬೇಕು. ತೆಗೆದ ಹಳೆಯ ವಾಷರ್ ಕ್ಯಾಲಿಪರ್‌ಗೇ ಅಂಟಿಕೊಂಡಿರುವುದುಂಟು. ಅದನ್ನು ಗಮನಿಸದೆ ಅದರ ಮೇಲೆ ಹೊಸದನ್ನಿಟ್ಟರೆ ಎಷ್ಟು ಬಿಗಿದರೂ ಒಸರುತ್ತದೆ. ಬ್ಯಾಂಜೋ ಬೋಲ್ಟ್ ಒಳಗೆ ಟೊಳ್ಳು, ಆದ್ದರಿಂದ ಟಾರ್ಕ್ ರೆಂಚ್ ಇಲ್ಲದೆ ಬಿಗಿಯಬೇಡಿ. ಹಲವು ಕಾರುಗಳಲ್ಲಿ ಎಂ10 ಬ್ಯಾಂಜೋಗೆ 25ರಿಂದ 35 ನ್ಯೂಟನ್ ಮೀಟರ್, ಗಟ್ಟಿ ಕೊಳವೆಯ ನಟ್ಟಿಗೆ 14ರಿಂದ 18. ನಿಮ್ಮ ಕಾರಿನ ಸರ್ವಿಸ್ ಪುಸ್ತಕದಲ್ಲಿರುವ ಅಂಕಿಯೇ ಕೊನೆಯ ಮಾತು.

ದಾರಿಯ ಪರೀಕ್ಷೆ

ಬ್ಲೀಡ್ ಮಾಡುವ, ಅಂದರೆ ಲೈನ್‌ನೊಳಗಿನ ಗಾಳಿ ಹೊರಗೆ ತೆಗೆಯುವ, ಮೊದಲೇ ಇದನ್ನು ಮುಗಿಸಿ, ಹೋಸ್ ಮತ್ತೆ ಬಿಚ್ಚಬೇಕಾಗಿ ಬರಬಹುದು. ಚಕ್ರ ತೆಗೆದಿರಲಿ. ಸಸ್ಪೆನ್ಶನ್ ಪೂರ್ತಿ ಜೋತುಬಿದ್ದಾಗ ಒಮ್ಮೆ, ಕೆಳತೋಳಿನಡಿ ಜ್ಯಾಕ್ ಕೊಟ್ಟು ಸಾಮಾನ್ಯ ಎತ್ತರಕ್ಕೆ ತಂದು ಒಮ್ಮೆ, ಬಾಡಿ ಸ್ಟ್ಯಾಂಡಿನಿಂದ ಏಳುವ ಹಂತದವರೆಗೆ ಎತ್ತಿ ಒಮ್ಮೆ. ಆ ಕೊನೆಯ ಹಂತದಲ್ಲಿ ಜ್ಯಾಕನ್ನು ಕೂದಲೆಳೆಯಷ್ಟೇ ಎತ್ತುತ್ತಾ ಹೋಗಿ, ಕಾರು ಸ್ಟ್ಯಾಂಡ್ ಬಿಡಬಾರದು. ಮೂರೂ ಸ್ಥಿತಿಯಲ್ಲಿ ಸ್ಟಿಯರಿಂಗನ್ನು ಎಡದ ಕೊನೆಗೂ ಬಲದ ಕೊನೆಗೂ ತಿರುಗಿಸಿ. ಒಟ್ಟು ಆರು ನೋಟ.

ಎಲ್ಲ ಆರರಲ್ಲೂ ಹೋಸ್ ಬಿಗಿಯಾಗಿ ಎಳೆದುಕೊಂಡಿರಬಾರದು, ಯಾವುದಕ್ಕೂ ತಾಗಬಾರದು. ಅಲುಗುವ ಭಾಗಕ್ಕೂ ಹೋಸ್‌ಗೂ ನಡುವೆ ನಿಮ್ಮ ಹೆಬ್ಬೆರಳು ಸಲೀಸಾಗಿ ತೂರಬೇಕು. ಕಾಲರ್‌ನಿಂದಾಚೆಗೆ ಮೊದಲ ಎರಡು ಬೆರಳಗಲ ಹೋಸ್ ನೇರವಾಗಿ ಹೋಗಿ ಆಮೇಲೆ ಬಾಗಬೇಕು. ಬಾಗುವ ತಿರುವಿನ ಕನಿಷ್ಠ ಅಳತೆಯನ್ನು ತಯಾರಕರು ಕೊಟ್ಟಿರುತ್ತಾರೆ. ಈ ಗಾತ್ರದ ಹೋಸ್‌ಗೆ ತ್ರಿಜ್ಯ ಸಾಮಾನ್ಯವಾಗಿ 40ರಿಂದ 50 ಮಿ.ಮೀ. ಆಸುಪಾಸು. ಟೈರಿಗೆ ತಾಗುತ್ತದೋ ಎಂಬ ಅನುಮಾನ ಚಕ್ರ ಹಾಕಿದ ಮೇಲೂ ಉಳಿದರೆ ಆ ಜಾಗದಲ್ಲಿ ಹೋಸ್‌ಗೆ ಒಂದು ಸುತ್ತು ಪೇಪರ್ ಟೇಪ್ ಸುತ್ತಿ, ನಿಧಾನ ವೇಗದಲ್ಲಿ ಉಬ್ಬುತಗ್ಗಿನ ಮೇಲೆ ಓಡಿಸಿ ಬನ್ನಿ. ಟೇಪ್ ಉಜ್ಜಿ ಹರಿದಿದ್ದರೆ ದಾರಿ ಬದಲಿಸಬೇಕು.

ಆಮೇಲೆ ಬ್ಲೀಡ್ ಮಾಡಿ, ಕ್ರಮ ಕಾರಿನ ಪುಸ್ತಕದಲ್ಲಿ ಹೇಳಿದಂತೆ. ಮೊಹರು ಮಾಡಿದ ಹೊಸ ಡಬ್ಬಿಯ ಆಯಿಲನ್ನೇ ಬಳಸಿ. ಗ್ಲೈಕಾಲ್ ಆಯಿಲ್ ಇರುವಲ್ಲಿ ಸಿಲಿಕೋನ್‌ನ ಡಾಟ್ 5 ಸುರಿಯಬೇಡಿ. ಪೇಂಟ್ ಮೇಲೆ ಬಿದ್ದ ಆಯಿಲನ್ನು ಕೂಡಲೇ ನೀರಿನಿಂದ ತೊಳೆಯಿರಿ. ಹೊಸ ಹೋಸ್ ಹಾಕಿದ ಮೇಲೂ ಪೆಡಲ್ ಮೆತ್ತಗಿದ್ದರೆ ಹೋಸನ್ನು ದೂರಬೇಡಿ, ಬಹುಪಾಲು ಅದು ಒಳಗೆ ಉಳಿದ ಗಾಳಿ.

ಇಂಜಿನ್ ಓಡುತ್ತಿರುವಾಗ ಒಬ್ಬರು ಪೆಡಲನ್ನು ಬಲವಾಗಿ ಒತ್ತಿ ಒಂದು ನಿಮಿಷ ಹಿಡಿಯಲಿ. ಇನ್ನೊಬ್ಬರು ಪ್ರತಿ ಕೀಲಿಗೂ ಒಣ ಬಿಳಿ ಕಾಗದ ಒತ್ತಿ ನೋಡಲಿ. ಬೆರಳಿಗೆ ಗೊತ್ತಾಗದ ಒಸರು ಕಾಗದದ ಮೇಲೆ ಕಾಣುತ್ತದೆ. ಪೆಡಲ್ ಮೆಲ್ಲಗೆ ಕೆಳಗಿಳಿಯುತ್ತಾ ಹೋದರೆ ಎಲ್ಲೋ ಸೋರಿಕೆ ಇದೆ, ಇಲ್ಲವೇ ಮಾಸ್ಟರ್ ಸಿಲಿಂಡರ್‌ನ ಸೀಲ್ ಸೋತಿದೆ. ಕಾರಣ ಸಿಗುವವರೆಗೆ ಕಾರು ಹೊರಗೆ ಹೋಗಬಾರದು. ಮೊದಲ 100 ಕಿ.ಮೀ. ಆದ ಮೇಲೆ ಇದೇ ಕಾಗದದ ಪರೀಕ್ಷೆ ಮತ್ತೊಮ್ಮೆ.

ಆಗಾಗ ನೋಡಬೇಕಾದದ್ದು, ತೆಗೆದುಹಾಕಬೇಕಾದದ್ದು

ರಬ್ಬರ್ ಹೋಸ್ ಕೆಡುವಾಗ ಸಾಮಾನ್ಯವಾಗಿ ಮೈಮೇಲೆ ಬಿರುಕು ತೋರಿಸುತ್ತದೆ. ಸ್ಟೀಲ್ ಹೆಣಿಗೆ ಹಾಗಲ್ಲ, ಒಳಗಿನ ಕೊಳವೆ ಗಾಯಗೊಂಡಿದ್ದರೂ ಹೊರಗೆ ಹೊಸದರಂತೆ ಇರುತ್ತದೆ. ಆದ್ದರಿಂದ ಪ್ರತಿ ಸರ್ವಿಸ್‌ಗೆ, ಟ್ರ್ಯಾಕ್‌ನಲ್ಲಿ ಓಡಿಸುವವರು ಪ್ರತಿ ಸಲ ಹೋಗುವ ಮೊದಲು, ಚಕ್ರ ತೆಗೆದು ನೋಡಬೇಕು. ಮೊದಲು ಹೋಸ್ ಒರೆಸಿ. ಹೊದಿಕೆ ಹರಿದ ಕಡೆ ಹತ್ತಿಯ ಉಂಡೆಯೊಂದನ್ನು ಹೆಣಿಗೆಯ ಮೇಲೆ ಮೆಲ್ಲಗೆ ಎಳೆಯಿರಿ. ತುಂಡಾದ ಎಳೆ ಇದ್ದರೆ ಹತ್ತಿ ಸಿಕ್ಕಿಕೊಳ್ಳುತ್ತದೆ. ಬೆರಳಿಂದ ಸವರಬೇಡಿ, ಆ ತಂತಿ ಸೂಜಿಯ ಹಾಗೆ ಚುಚ್ಚುತ್ತದೆ. ಒಂದೇ ಎಳೆ ತುಂಡಾಗಿದ್ದರೂ ಹೋಸ್ ಬದಲಿಸಿ, ಪಕ್ಕದವು ಅದೇ ಭಾರ ಹೊತ್ತು ಬೇಗ ಹೋಗುತ್ತವೆ.

ಪಾರದರ್ಶಕ ಹೊದಿಕೆಯೊಳಗೆ ಜೇನಿನ ಬಣ್ಣದ ತೇವವೋ ಗುಳ್ಳೆಯೋ ಕಂಡರೆ ಅದು ಬ್ರೇಕ್ ಆಯಿಲ್. ಇಲ್ಲಿ ಮೋಸಹೋಗುವುದು ಸುಲಭ: ಕಾಲರ್‌ನಲ್ಲಿ ಸೋರಿದ ಆಯಿಲ್ ಹೆಣಿಗೆಯ ಸಂದಿನಲ್ಲೇ ಹರಿದು ಇನ್ನೊಂದು ತುದಿಯಲ್ಲಿ ತೊಟ್ಟಿಕ್ಕಬಹುದು. ತೊಟ್ಟಿಕ್ಕುವ ಕಡೆ ಬೋಲ್ಟ್ ಬಿಗಿದು ಸುಮ್ಮನಾಗಬೇಡಿ. ಹೊದಿಕೆ ಹಳದಿಯಾಗಿ ಬಿರುಸಾಗಿ ಬಾಗಿದಲ್ಲಿ ಸೀಳಿದ್ದರೆ ನೀರು, ಮರಳು ಒಳಗೆ ಹೋಗುವ ದಾರಿ ತೆರೆದಿದೆ. ಕಾಲರ್ ಬಳಿ ಕಂದು ಕಲೆ ಇದ್ದರೆ ಒರೆಸಿ ನೋಡಿ: ಬ್ರೇಕ್ ಡಿಸ್ಕಿನ ಧೂಳಾದರೆ ಹೋಗುತ್ತದೆ, ತಂತಿಯೇ ತುಕ್ಕು ಹಿಡಿದಿದ್ದರೆ ಅಲ್ಲಿ ಸಣ್ಣ ಸಣ್ಣ ಗುಳಿಗಳು ಕಾಣುತ್ತವೆ. ಉಪ್ಪು ಮತ್ತು ಆಸಿಡ್ ಇರುವ ವೀಲ್ ಕ್ಲೀನರ್ ಸ್ಟೇನ್‌ಲೆಸ್ಸನ್ನೂ ಹೀಗೆ ತಿನ್ನುತ್ತದೆ, ಬಳಸಿದ ಮೇಲೆ ನೀರಿನಿಂದ ಚೆನ್ನಾಗಿ ತೊಳೆಯಿರಿ.

ಮಡಚಿದ ಗುರುತು, ಉಬ್ಬು, ಬಿಳಿ ಗೆರೆಯಿಂದ ಸರಿದ ಕಾಲರ್, ಎಳೆ ತುಂಡಾದ ಹೆಣಿಗೆ, ಹೊದಿಕೆಯೊಳಗೆ ಆಯಿಲ್, ಇವುಗಳಲ್ಲಿ ಯಾವುದು ಕಂಡರೂ ರಿಪೇರಿ ಎಂಬುದಿಲ್ಲ. ಹೊದಿಕೆ ಮಾತ್ರ ಮೇಲ್ಮೇಲೆ ತರಚಿ, ಕೆಳಗೆ ಹೆಣಿಗೆ ಕಾಣದಿದ್ದರೆ ಉಜ್ಜುತ್ತಿರುವ ಜಾಗ ಹುಡುಕಿ ದಾರಿ ಸರಿಪಡಿಸಿ ಮುಂದುವರಿಯಬಹುದು. ಒಂದು ಬದಿಯ ಹೋಸ್ ಹೋದರೆ ಅದೇ ಆಕ್ಸಲ್‌ನ ಇನ್ನೊಂದು ಬದಿಯದನ್ನೂ ಜೊತೆಗೇ ಬದಲಿಸಿ. ತೆಗೆದ ಹೋಸನ್ನು ಎಸೆಯುವ ಮೊದಲು ಎರಡು ತುಂಡಾಗಿ ಕತ್ತರಿಸಿ, ಇನ್ನೊಬ್ಬರ ಕಾರಿಗೆ ಹೋಗದಿರಲಿ.